ಅಮರಮ್ಮನ ಹೊಂಡ ತುಂಬಿದ ವರ್ಷ

ಹೋದ ತಿಂಗಳು ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮಸ್ಕಿ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಬದಿಯಲ್ಲಿ ನೀರಿನ ಪೈಪು ಹೂಳಲು ಜೆಸಿಬಿಯೊಂದು ಆಳವಾಗಿ ಅಗೆಯುತ್ತಿತ್ತು. ಬಸ್ಸು ನಿಧಾನವಾಯಿತು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯಲ್ಲ ಅದು. ಎಷ್ಟೋ ಕಾಲದಿಂದ ಬಿಸಿಲನ್ನೇ ಕಾಣದ ಎರೆಮಣ್ಣು ಮೇಲೆ ಬಂದು ಗಾಳಿಗೆ ಬಿದ್ದಾಗ ಬರುವ ತಣ್ಣನೆಯ, ತುಸು ಹುಳಿಯಾದ ವಾಸನೆ. ಜೊತೆಗೆ ಡೀಸೆಲ್ ಹೊಗೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ಹಿಡಿದೆ. ಸಂತೆಕಲ್ಲೂರಿನಲ್ಲಿ ಕಳೆದ ಆ ಒಂದು ವರ್ಷ ಇಡಿಯಾಗಿ ಕಣ್ಣೆದುರು ಬಂದು ನಿಂತಿತು.

ಅದು ನನ್ನ ಮೊದಲ ನೌಕರಿ. ಕೃಷಿ ಇಲಾಖೆಯಲ್ಲಿ ಸಹಾಯಕ ಅಧಿಕಾರಿ. ಕಚೇರಿ ಮಸ್ಕಿಯಲ್ಲಿ, ಓಡಾಟವೆಲ್ಲ ಸಂತೆಕಲ್ಲೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ. ನಾನು ಹುಟ್ಟಿ ಬೆಳೆದದ್ದು ತುರ್ವಿಹಾಳ. ನಮ್ಮ ಅಜ್ಜಿ ಮತ್ತು ಅವ್ವ ಕಂಡವರ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿದವರು. ಅಪ್ಪ ಓದಿ ಶಾಲೆಯ ಮಾಸ್ತರಾದರು. ಮನೆಯ ನಡುಗೋಡೆಗೆ ಬುದ್ಧನ ಪಟ ಬಂತು. ನಮ್ಮದು ಕಾಲುವೆಯ ಊರು. ಅಲ್ಲಿ ನೀರು ಬರುವ ದಿನ ಮೊದಲು ಪೇಪರಿನಲ್ಲಿ ಬರುತ್ತಿತ್ತು, ಆಮೇಲೆ ಕಾಲುವೆಯಲ್ಲಿ ಬರುತ್ತಿತ್ತು. ಮಳೆ ಬಂದರೆ ರಸ್ತೆ ಕೆಸರಾಗುತ್ತದೆ ಎಂದು ಬೈಯುವ ಊರು. ಅಲ್ಲಿಂದ ಬಸ್ಸಿನಲ್ಲಿ ಕೆಲವೇ ತಾಸಿನ ದೂರದಲ್ಲಿ, ಆಕಾಶದ ಕಡೆ ನೋಡದೆ ಯಾರೂ ಮಾತು ಶುರು ಮಾಡದ ಊರುಗಳಿವೆ ಎಂಬುದು ನನಗೆ ಓದಿನಲ್ಲಿ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಸಂತೆಕಲ್ಲೂರಿನಲ್ಲಿ ಎಲ್ಲಿ ನಿಂತು ನೋಡಿದರೂ ನೆಲ ಹಾಗೇ ಹರಡಿಕೊಂಡು ಹೋಗಿ ಆಕಾಶಕ್ಕೆ ಹತ್ತುತ್ತಿತ್ತು. ಕೊಯ್ಲು ಮುಗಿದ ಎರೆಹೊಲಗಳು ಬಿರಿದು, ಕೆಲವು ಬಿರುಕುಗಳಲ್ಲಿ ನನ್ನ ಮೊಳಕೈವರೆಗೂ ಕೈ ಇಳಿಯುತ್ತಿತ್ತು.

ಆ ವರ್ಷ ಕೃಷಿ ಹೊಂಡಕ್ಕೆ ಸಬ್ಸಿಡಿ ಬಂದಿತ್ತು. ಹೊಲದ ಮೇಲೆ ಬಿದ್ದ ಮಳೆಯನ್ನು ಹೊಲದ ಮೂಲೆಯಲ್ಲೇ ಹೊಂಡ ತೋಡಿ ನಿಲ್ಲಿಸುವುದು, ಬೆಳೆ ಬಾಡುವ ಹೊತ್ತಿಗೆ ಆ ನೀರನ್ನೇ ಎತ್ತಿ ಕೊಡುವುದು, ಇಷ್ಟೇ ಯೋಜನೆ. ಅದನ್ನು ತಿಳಿಸಲು ಊರ ಗುಡಿಯ ಕಟ್ಟೆಯ ಮೇಲೆ ರೈತರ ಸಭೆ ಕರೆದಿದ್ದೆ. ಮಂದಿ ಆಕಳಿಸುತ್ತ ಕೂತಿದ್ದರು. ನಾನು ಮಾತಾಡುತ್ತಿದ್ದಾಗ ಯಾರದೋ ಜೇಬಿನಲ್ಲಿ ಫೋನು ಟಿಣ್ ಎಂದಿತು. ಹಿಂದೆಯೇ ಇನ್ನೊಂದು. ಆಮೇಲೆ ಕಟ್ಟೆಯ ಆ ತುದಿಯಿಂದ ಈ ತುದಿಯವರೆಗೆ, ಜೇಬಿನಲ್ಲಿ, ಟವೆಲಿನ ಗಂಟಿನಲ್ಲಿ, ಹೆಂಗಸರ ಕೈಚೀಲದಲ್ಲಿ ಫೋನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಕಿಸಾನ್ ಕಂತಿನ ಹಣ ಜಮೆಯಾದ ದಿನ ಅದು. ನನ್ನ ಎದುರಿಗಿದ್ದ ಮುದುಕರೊಬ್ಬರು ಫೋನು ಚಾಚಿ, “ಓದಿ ಹೇಳ್ರಿ ಮೇಡಮ್” ಅಂದರು. ಓದಿ ಹೇಳಿದೆ. ಅವರು ನಕ್ಕು, “ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ. ಮಳಿ ಬಿದ್ದಂಗ ಬಿತ್ತು ನೋಡ್ರಿ” ಅಂದರು. ಯಾವ ಬಾಗಿಲ ಮುಂದೆಯೂ ಕೈಕಟ್ಟಿ ನಿಲ್ಲದೆ, ಯಾರ ಮುಖವನ್ನೂ ನೋಡದೆ, ಒಂದು ಊರಿನ ಅಷ್ಟೂ ಜನಕ್ಕೆ ಒಂದೇ ಗಳಿಗೆಯಲ್ಲಿ ಏನೋ ಬಂದು ಮುಟ್ಟುವುದನ್ನು ನಾನು ಮೊದಲ ಸಲ ನೋಡಿದ್ದೆ. ಇಲಾಖೆಯವಳಾಗಿಯೂ ನನ್ನ ಮೈ ಜುಮ್ಮೆಂದಿತ್ತು.

ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ಉಳಿದುಕೊಂಡರು. ಐವತ್ತು ದಾಟಿದ ವಯಸ್ಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹೆಸರು ಅಮರಮ್ಮ. ಗಂಡ ತೀರಿಕೊಂಡ ಮೇಲೆ ಹೊಲ ಅವರ ಹೆಸರಿಗೆ ಬಂದಿತ್ತು, ದುಡಿಮೆಯೂ ಅವರದೇ.

“ಹೊಂಡ ತೋಡಾಕ ಸರಕಾರ ರೊಕ್ಕ ಕೊಡತೈತಿ ಅಂದ್ರಲ್ಲ, ಖರೇ ಏನ್ರೀ?”

“ಖರೇ ಅಮ್ಮಾ. ಆದ್ರ ಮೊದಲು ನೀವ ಹಾಕಬೇಕು. ತೋಡಿದ ಮ್ಯಾಲ ಫೋಟೋ ತಗೋತೀವಿ, ತಪಾಸಣಿ ಆಗತೈತಿ, ಆಮ್ಯಾಲ ನಿಮ್ಮ ಖಾತೆಗಿ ಜಮಾ ಆಗತೈತಿ.”

“ಕಡ್ಲಿ ಮಾರಿದ್ದು ಐತಿ, ಹಾಕತೀನಿ. ತೋಡಿದ ಮ್ಯಾಲ ನೀರು ಬರಲಿಲ್ಲಂದ್ರ?”

“ಜಾಗಾ ಚಲೋ ನೋಡಿ ತೋಡೂಣು. ಬರತೈತಿ.”

ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರ ಪೈಕಿ ಯವ್ವಾ ನೀನು?” ಎಂದು ಕೇಳಿದರು. ಹೇಳಿದೆ. ಅವರು ಇನ್ನೊಮ್ಮೆ ನನ್ನ ಮುಖ ನೋಡಿದರು. ಆಮೇಲೆ, “ಬಿಸಿಲು ಬಾಳ ಐತಿ, ಮನಿಗಿ ಬಾ, ಮಜ್ಜಿಗಿ ಕುಡಿದು ಹೋಗೀಯಂತ” ಅಂದರು. ಹೋದೆ. ಮನೆಮಂದಿ ಕುಡಿಯುವ ಹಿತ್ತಾಳೆ ಚರಿಗೆಯಲ್ಲೇ ಕೊಟ್ಟರು.

ಅಮರಮ್ಮ ಅರ್ಜಿ ಹಾಕಿದರು, ಅವರ ಹೆಸರಿಗೆ ಹೊಂಡ ಮಂಜೂರಾಯಿತು. ಜಾಗ ನೋಡಲು ಹೊಲಕ್ಕೆ ಹೋದ ದಿನ ಅಲ್ಲಿ ಹಳೆಯ ತಕರಾರೊಂದಿದೆ ಎಂದು ಗೊತ್ತಾಯಿತು. ಅಮರಮ್ಮನ ಹೊಲ ಮತ್ತು ಮೇಲಿನ ಹೊಲ ಒಂದು ಕಾಲಕ್ಕೆ ಒಂದೇ ಆಗಿದ್ದವು. ಅಣ್ಣತಮ್ಮಂದಿರು ಬೇರೆಯಾದಾಗ ಕೆಳಗಿನದು ಅಣ್ಣನಿಗೆ, ಅಂದರೆ ಅಮರಮ್ಮನ ಗಂಡನಿಗೆ ಬಂತು. ಮೇಲಿನದು ತಮ್ಮ ದೊಡ್ಡಬಸಪ್ಪನವರಿಗೆ ಹೋಯಿತು. ಜೋರು ಮಳೆಯಾದರೆ ಮೇಲಿನ ಹೊಲದ ನೀರೆಲ್ಲ ರಭಸದಿಂದ ಇಳಿದು ಕೆಳಗಿನ ಹೊಲದ ಮಣ್ಣನ್ನು ಕೊರೆದುಕೊಂಡು ಹಳ್ಳಕ್ಕೆ ಹೋಗುತ್ತಿತ್ತು. ಅಣ್ಣ ನಡುವೆ ಬದು ಎತ್ತರಿಸಿದರು. ನೀರು ತಮ್ಮನ ಹೊಲದಲ್ಲಿ ನಿಂತು ತೊಗರಿ ಕೊಳೆಯಿತು. ತಮ್ಮ ಬದು ಒಡೆದರು. ಅಣ್ಣ ಮತ್ತೆ ಕಟ್ಟಿದರು. ವರ್ಷದ ಹೆಚ್ಚು ದಿನ ಹನಿ ನೀರಿಲ್ಲದ ಆ ನೆಲದಲ್ಲಿ ಎರಡು ಮನೆಗಳು ಮಾತು ಬಿಟ್ಟದ್ದು ಹೆಚ್ಚಾದ ನೀರಿಗಾಗಿ. ಅಣ್ಣ ತೀರಿಕೊಂಡಾಗ ದೊಡ್ಡಬಸಪ್ಪ ಬಂದು ಅಂಗಳದಲ್ಲಿ ನಿಂತು ಹಾಗೇ ಹೋದರಂತೆ. ಅಮರಮ್ಮ ಮತ್ತು ಅವರು ಅಕ್ಕಪಕ್ಕದ ಹೊಲದಲ್ಲಿ ದಿನವೂ ದುಡಿಯುತ್ತಿದ್ದರು, ಒಂದು ಮಾತೂ ಇರಲಿಲ್ಲ.

ಗಾಜಿನಂಥ ಕೊಳವೆಯಲ್ಲಿ ನೀರು ತುಂಬಿ, ಅಮರಮ್ಮನ ಕೈಯಲ್ಲಿ ಒಂದು ತುದಿ ಕೊಟ್ಟು, ಎರಡೂ ಹೊಲಗಳ ಇಳಿಜಾರು ಅಳೆದೆ. ನೀರೆಲ್ಲ ಬಂದು ಕೂಡುತ್ತಿದ್ದದ್ದು ಬದುವಿನ ಒಂದೇ ಮೂಲೆಗೆ. ಬದುವಿನ ಕೆಳಗೆ, ಅಮರಮ್ಮನ ಹೊಲದಲ್ಲಿ ಹೊಂಡ ತೋಡಿ, ಬದುವನ್ನು ಅಲ್ಲಿ ಕಡಿದು ದಾರಿ ಮಾಡಿದರೆ ಮುಗಿಯಿತು. ಮೇಲಿನ ಹೊಲದಲ್ಲಿ ನೀರು ನಿಲ್ಲುವುದಿಲ್ಲ, ಕೆಳಗಿನ ಹೊಲದ ಮಣ್ಣು ಹೋಗುವುದಿಲ್ಲ. ಇಷ್ಟು ವರ್ಷದ ಜಗಳದ ಮದ್ದು ಆ ಮೂಲೆಯಲ್ಲಿ ಬಿದ್ದುಕೊಂಡಿತ್ತು. ಬೇರೆ ಎಲ್ಲಿ ತೋಡಿದರೂ ಅದು ಒಣ ಕುಣಿ. ಆದರೆ ಬದುವಿನ ಆಚೆ ಸಣ್ಣ ಕಾಲುವೆ ತೆಗೆಯಬೇಕಿತ್ತು. ಆ ನೆಲ ದೊಡ್ಡಬಸಪ್ಪನವರದು.

ನಾನೇ ಕೇಳಲು ಹೋದೆ. ಅವರು ಎತ್ತಿಗೆ ಮೇವು ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡು ಹೇಳಿದರು, “ಇಷ್ಟು ವರ್ಷ ನನ್ನ ಹೊಲದ ನೀರು ಅವರಿಗಿ ಬ್ಯಾಡಾಗಿತ್ತು. ಈಗ ಸರಕಾರ ರೊಕ್ಕ ಕೊಡತೈತಂತ ಬೇಕಾತೇನ್ರೀ? ನೀರು ನಂದು, ಸಬ್ಸಿಡಿ ಅವರಿಗಿ. ಇದು ಯಾವ ಕಾಯಿದೆ ಮೇಡಮ್?”

“ಕಾಕಾರ, ನಿಮ್ಮ ತೊಗರಿನೂ ಉಳಿತೈತಿ.”

“ನನ್ನ ತೊಗರಿ ಚಿಂತಿ ನನಗಿರ್ಲಿ” ಎಂದು ಹಗ್ಗ ಬಿಗಿದು ಒಳಗೆ ಹೋದರು.

ಇದನ್ನು ಅಮರಮ್ಮನಿಗೆ ಆದಷ್ಟು ಮೆತ್ತಗೆ ಮಾಡಿ ಹೇಳಿದೆ. ಅವರು ಕೇಳಿಸಿಕೊಂಡು ಕೆಲಸಕ್ಕೆ ಹೋದರು. ಮುಂದಿನ ಸಂತೆಯ ದಿನ ಮಸ್ಕಿಯ ಕಚೇರಿಗೆ ಬಂದರು. ತಲೆಯ ಮೇಲಿನ ಸಂತೆಚೀಲ ಇಳಿಸಿ, ನನ್ನ ಮೇಜಿನ ಮುಂದೆ ನಿಂತು, “ಹೊಂಡ ಅವನ ಹೆಸರಿಗಿ ಮಾಡ್ರಿ” ಅಂದರು.

ನನಗೆ ತಿಳಿಯಲಿಲ್ಲ. “ಯಾರ ಹೆಸರಿಗಿ?”

“ಬಸಪ್ಪನ ಹೆಸರಿಗಿ. ಬದುವಿನ ಮ್ಯಾಲ, ಅವನ ಹೊಲದಾಗ ತೋಡಿದ್ರೂ ನೀರು ನಿಂದರತೈತಿ ಅಲ್ಲ? ಅಲ್ಲೇ ತೋಡ್ರಿ. ರೊಕ್ಕ ಅವಗ ಕೊಡ್ರಿ.”

ಮಂಜೂರಾದದ್ದನ್ನು ಇನ್ನೊಬ್ಬರ ಹೆಸರಿಗೆ ಮಾಡಲು ಬರುವುದಿಲ್ಲ, ಬೇಕಾದರೆ ಅವರು ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬೇಕು ಎಂದು ವಿವರಿಸಿದೆ.

“ಹಂಗಾರ ನಂದು ರದ್ದು ಮಾಡ್ರಿ. ಮುಂದಿನ ವರ್ಷ ಅವನು ಹಾಕ್ಲಿ.”

“ಅಮ್ಮಾ, ಇದು ಒಮ್ಮೆ ಕೈಬಿಟ್ರ ಮತ್ತ ಸಿಗೋದು ಗ್ಯಾರಂಟಿ ಇಲ್ಲ. ಯಾಕ ಬಿಡತೀರಿ?”

ಅಮರಮ್ಮ ಕುರ್ಚಿಯಲ್ಲಿ ಕೂತರು. “ನನ್ನ ಹೊಲದ ಮಣ್ಣು ವರ್ಷಾ ವರ್ಷಾ ಹಳ್ಳಕ್ಕ ಹೊಂಟೈತಿ. ಕಣ್ಣಿಗಿ ಕಾಣತೈತಿ ಯವ್ವಾ. ನಾ ಮದುವಿಯಾಗಿ ಬಂದಾಗ ಬದುವಿನ ಮಗ್ಗಲಿನ ಕರಿ ಬಂಡಿಗಲ್ಲು ನೆಲದಾಗ ಅರ್ಧ ಹುಗಿದಿತ್ತು, ಈಗ ಪೂರಾ ಮ್ಯಾಲ ಬಂದೈತಿ. ಮಣ್ಣು ಹೋದಮ್ಯಾಲ ರೊಕ್ಕ ತಗೊಂಡು ಏನ ಬಿತ್ತಲಿ? ಯಾರ ಖಾತೆಗಿ ಬಂದ್ರೇನು, ನೀರು ನಿಂತ್ರ ಸಾಕು.”

ಇಷ್ಟು ಹೇಳಿ, ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದರು. ಸಬ್ಸಿಡಿ ಬೇಕು ಎಂದು ಬರುವವರು ದಿನವೂ ಇದ್ದರು. ತನಗೆ ಬಂದದ್ದನ್ನು ಮಾತು ಬಿಟ್ಟ ಮೈದುನನಿಗೆ ಕೊಡಿ ಎಂದು ಬಸ್ಸಿನ ಖರ್ಚು ಹಾಕಿಕೊಂಡು ಬಂದವರನ್ನು ನಾನು ಕಂಡಿರಲಿಲ್ಲ, ಆಮೇಲೆಯೂ ಕಂಡಿಲ್ಲ.

ರದ್ದು ಮಾಡಲಿಲ್ಲ. ಮರುದಿನ ಸಂತೆಕಲ್ಲೂರಿಗೆ ಹೋದೆ. ದೊಡ್ಡಬಸಪ್ಪ ಹೊಲದಲ್ಲಿ ಕಟ್ಟಿಗೆ ಆಯುತ್ತಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕೈಯಲ್ಲಿದ್ದ ಕಟ್ಟಿಗೆಯನ್ನು ಕೆಳಗಿಡಲಿಲ್ಲ, ಹೊರೆಗೂ ಸೇರಿಸಲಿಲ್ಲ.

“ಖರೇನ ಹಂಗಂದ್ರೇನು?”

“ಅಂದ್ರು.”

“ಯಾರ ಮುಂದ?”

“ನನ್ನ ಮುಂದ. ಆಫೀಸಿನ್ಯಾಗ.”

ಅವರು ಆ ಮೂಲೆಯ ಕಡೆ ಒಮ್ಮೆ ನೋಡಿದರು. ಹೊರೆ ಕಟ್ಟಿ, ತಲೆಯ ಮೇಲೆ ಇಟ್ಟುಕೊಂಡು ಊರ ಕಡೆ ನಡೆದರು.

ಊರಿನ ಬೇರೆ ಹೊಂಡಗಳನ್ನು ತೋಡಲು ಜೆಸಿಬಿ ಬಂದಿತ್ತು. ಓಡಿಸುವವನು ಮುದಗಲ್ಲಿನ ಕಡೆಯ ಹುಸೇನಸಾಬ್ ಎಂಬ ಹುಡುಗಾಟದ ಮನುಷ್ಯ. ಕೆಲಸ ಮುಗಿಯುತ್ತ ಬಂದ ಹಾಗೆ, “ಮೇಡಮ್, ಇವತ್ತು ಆದ್ರ ಆತು. ನಾಳಿ ನಾ ಬ್ಯಾರೆ ಕಡಿ ಹೊಂಟೀನಿ, ಮಳಿಗಾಲ ಮುಗಿಯೂತನ ಈ ಕಡಿ ಬರಂಗಿಲ್ಲ” ಅಂದ. ನಾನೂ ಅಮರಮ್ಮನೂ ಬದುವಿನ ಹತ್ತಿರ ನಿಂತಿದ್ದೆವು. ಆಚೆಯಿಂದ ಒಪ್ಪಿಗೆ ಬಂದಿರಲಿಲ್ಲ. ದಾರಿಯಿಲ್ಲದ ಹೊಂಡ ತೋಡುವುದು ಬೇಡವೆಂದು ಅಮರಮ್ಮ ನಿಶ್ಚಯ ಮಾಡಿದ್ದರು. ಯಂತ್ರ ತಿರುಗಿಸಿಕೊಂಡು ಹೋಗಲು ಹೇಳೋಣವೆಂದು ನಾನು ಕೈ ಎತ್ತಿದ್ದೆ.

ಅಷ್ಟರಲ್ಲಿ ಮೇಲಿನ ಹೊಲದಿಂದ ದೊಡ್ಡಬಸಪ್ಪ ಬರುವುದು ಕಂಡಿತು. ಹೆಗಲ ಮೇಲೆ ಗುದ್ದಲಿ. ನಮ್ಮ ಯಾರ ಕಡೆಗೂ ನೋಡದೆ ಸೀದಾ ಬದುವಿನ ಮೂಲೆಗೆ ಬಂದು, ಟವೆಲು ತಲೆಗೆ ಸುತ್ತಿ, ಗುದ್ದಲಿ ಎತ್ತಿ ಬದುವಿಗೆ ಹಾಕಿದರು. ಎಷ್ಟೋ ವರ್ಷ ತುಳಿದು ಬಿಸಿಲಿಗೆ ಬೆಂದ ಬದು. ಗುದ್ದಲಿ ಪುಟಿಯುತ್ತಿತ್ತು.

ಹುಸೇನಸಾಬ್ ಯಂತ್ರದ ಮೇಲಿಂದ ಕೂಗಿದ, “ಕಾಕಾ, ನಾ ಅದೀನಲ್ಲ, ಒಂದು ಬಕೆಟ್ ಹಾಕಿದ್ರ ಬದುವೇ ಇರಂಗಿಲ್ಲ.”

“ನೀ ಸುಮ್ನಿರಪಾ. ಇದು ನಾ ಕಡಿಯೋದು.”

ಹುಸೇನಸಾಬ್ ಎಂಜಿನ್ ಬಂದ್ ಮಾಡಿದ. ಆ ದೊಡ್ಡ ಬಯಲಿನಲ್ಲಿ ಗುದ್ದಲಿಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಬದು ಅರ್ಧ ಕಡಿದಾಗ ದೊಡ್ಡಬಸಪ್ಪ ನಿಂತು ಮೈ ಒರೆಸಿಕೊಂಡು, ಕೈಗೆಟಕುವ ದೂರದಲ್ಲಿದ್ದ ಅಮರಮ್ಮನ ಕಡೆ ನೋಡದೆ ಹುಸೇನಸಾಬನಿಗೆ ಹೇಳಿದರು, “ಕಾಲುವಿ ಬಾಯಿ ಎಷ್ಟು ಅಗಲ ಬೇಕಂತ ಕೇಳು.” ಹುಸೇನಸಾಬ್ ಅಮರಮ್ಮನ ಕಡೆ ನೋಡಿದ. ಅಮರಮ್ಮ ನನ್ನ ಕಡೆ ತಿರುಗಿ, “ಅವನ ಎತ್ತು ದಾಟೂಹಂಗ ಇರಲಿ ಅಂತ ಹೇಳ್ರಿ, ಬಾಳ ಅಗಲ ಬ್ಯಾಡ” ಅಂದರು. ನಾನು ಹುಸೇನಸಾಬನಿಗೆ ಹೇಳಿದೆ, ಅವನು ದೊಡ್ಡಬಸಪ್ಪನಿಗೆ ಹೇಳಿದ. ಮೂರು ಮಂದಿ ನಿಲ್ಲುವಷ್ಟು ಜಾಗದಲ್ಲಿ ಮಾತು ಹೀಗೆ ಸುತ್ತು ಹಾಕಿ ಹೋಗಿ ಬಂತು. ಯಾರೂ ನಗಲಿಲ್ಲ.

ಆಮೇಲೆ ಯಂತ್ರ ಇಳಿಯಿತು. ಸಂಜೆಯವರೆಗೂ ತೋಡಿತು. ಮೊದಲು ಪುಡಿಪುಡಿಯಾದ ಕರಿಮಣ್ಣು, ಆಮೇಲೆ ಮೇಣದ ಹಾಗೆ ಹೊಳೆಯುವ ಗಟ್ಟಿ ಎರೆ, ಅದರ ಕೆಳಗೆ ಸುಣ್ಣದ ಹರಳು ಬೆರೆತ ಬೂದುಬಣ್ಣದ ಮಣ್ಣು. ಬಸ್ಸಿನಲ್ಲಿ ನನ್ನ ಮುಖಕ್ಕೆ ಬಡಿದ ವಾಸನೆ ಅದು. ಆಳದಲ್ಲಿ ಬಕೆಟ್ಟು ಎತ್ತಿ ಸುರಿದ ಒಂದು ರಾಶಿಯಲ್ಲಿ ಬಿಳಿ ಚೂರುಗಳು ಕಂಡವು. ಇಳಿದು ಕೈಗೆ ತಗೊಂಡೆ. ಬಸವನಹುಳದ ಚಿಪ್ಪುಗಳು. ನೀರಿನಲ್ಲಿ ಬದುಕುವ ಹುಳದವು. ಒಂದೊಂದೂ ಸುರುಳಿ ಕೆಡದೆ ಹಾಗೇ ಇದ್ದವು.

“ಇವು ಇಲ್ಲಿಗಿ ಹ್ಯಾಂಗ ಬಂದ್ವು?” ಅಮರಮ್ಮ ಕೇಳಿದರು.

“ಯಾವದೋ ಕಾಲದಾಗ ಇಲ್ಲಿ ನೀರು ನಿಂತಿತ್ತು ಅಮ್ಮಾ. ಅದರಾಗ ಇದ್ದವು.”

“ನಮ್ಮ ಮಾವನ ಕಾಲದಾಗ?”

“ನಿಮ್ಮ ಮಾವ, ಅವರ ಮುತ್ಯಾ, ಊರು, ಗುಡಿ, ಎಲ್ಲಕ್ಕಿಂತ ಮೊದಲು.”

ಅಮರಮ್ಮ ಒಂದು ಚಿಪ್ಪನ್ನು ಅಂಗೈಯಲ್ಲಿಟ್ಟು ನೋಡುತ್ತ ನಿಂತರು. ದೊಡ್ಡಬಸಪ್ಪನೂ ಒಂದನ್ನು ಬಾಗಿ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಇಬ್ಬರ ಮುಖದ ಮೇಲೂ ಒಂದೇ ಭಾವ. ಬಿರುಕು ಬಿಟ್ಟ ಆ ನೆಲದ ಕೆಳಗೆ ಒಂದು ಕೆರೆ ಮಲಗಿತ್ತು, ಅದರ ಮೇಲೆಯೇ ಇವರು ಇಷ್ಟು ವರ್ಷ ಬಿತ್ತಿ ಬೆಳೆದಿದ್ದರು, ಜಗಳವಾಡಿದ್ದರು.

ಮುಂಗಾರು ಸಣ್ಣದಾಗಿ ಬಂತು. ಹೆಸರು, ಸಜ್ಜೆ ಏಳುವಷ್ಟು ಮಳೆ, ನೆಲ ತೋಯುವಷ್ಟು ಮಳೆ, ಹರಿಯುವಷ್ಟು ಮಳೆಯಲ್ಲ. ಹೊಂಡದ ತಳದಲ್ಲಿ ಒಂದಿಷ್ಟು ತೇವ ಕಾಣುತ್ತಿತ್ತು, ಬಿಸಿಲು ಬಿದ್ದರೆ ಅದೂ ಇಲ್ಲ. ಊರಿನ ಮಂದಿ ಅದಕ್ಕೆ “ಅಮರಮ್ಮನ ಕುಣಿ” ಎಂದು ಹೆಸರಿಟ್ಟರು. ಸಬ್ಸಿಡಿಯ ತಪಾಸಣೆ ಹಂತ ಹಂತವಾಗಿ ನಡೆಯುತ್ತಿತ್ತು, ಹಣ ಇನ್ನೂ ಬಂದಿರಲಿಲ್ಲ. ಕಡಲೆ ಮಾರಿದ್ದೆಲ್ಲ ಆ ಕುಣಿಗೆ ಹಾಕಿ ಕೂತ ಹೆಂಗಸನ್ನು ಕಂಡಾಗಲೆಲ್ಲ, ಬರತೈತಿ ಎಂದು ನಾನು ಕಟ್ಟೆಯ ಮೇಲೆ ಸರಾಗವಾಗಿ ಹೇಳಿದ ಮಾತು ನನ್ನನ್ನೇ ಚುಚ್ಚುತ್ತಿತ್ತು. ಅಮರಮ್ಮ ಮಾತ್ರ ಒಮ್ಮೆಯೂ ಕೇಳಲಿಲ್ಲ. ಮೋಡ ಕಟ್ಟುತ್ತಿತ್ತು, ದಾಟಿಹೋಗುತ್ತಿತ್ತು. ಮಘಿ ಮಳೆ ಹೋಯಿತು, ಹುಬ್ಬಿ ಹೋಯಿತು.

ಸೆಪ್ಟೆಂಬರಿನಲ್ಲಿ, ಉತ್ತರಿ ಮಳೆಯ ಒಂದು ಮಧ್ಯಾಹ್ನ ಬೆಳೆ ಸಮೀಕ್ಷೆಗೆ ಹೋಗಿದ್ದೆ. ಸೆಕೆ ಎಷ್ಟಿತ್ತೆಂದರೆ ಎತ್ತುಗಳು ಮೇಯುವುದನ್ನು ಬಿಟ್ಟು ಬಾಯಿ ತೆರೆದು ನಿಂತಿದ್ದವು. ಪಡುವಣದಲ್ಲಿ ಒಂದು ಕಪ್ಪು ಗೆರೆ ಎದ್ದಿತು. ನೋಡುನೋಡುತ್ತ ಅದು ಗೋಡೆಯಾಯಿತು. ಗಾಳಿ ಮೊದಲು ಬಂತು, ಧೂಳು ಎಬ್ಬಿಸಿಕೊಂಡು. ನಾನೂ ಅಮರಮ್ಮನೂ ಓಡಿದೆವು. ಸಮೀಪದಲ್ಲಿದ್ದದ್ದು ದೊಡ್ಡಬಸಪ್ಪನ ಹೊಲದ ತಗಡಿನ ಗುಡಿಸಲೊಂದೇ. ಅವರು ಒಳಗಿದ್ದರು. ಅಮರಮ್ಮ ಬಾಗಿಲಲ್ಲಿ ಅರೆಗಳಿಗೆ ತಡೆದರು. ದೊಡ್ಡಬಸಪ್ಪ ಗೊಬ್ಬರದ ಚೀಲವೊಂದನ್ನು ಸರಿಸಿ ಜಾಗ ಮಾಡಿದರು. ಬೇರೆಯಾದ ಮೇಲೆ ಅವರಿಬ್ಬರೂ ಒಂದು ಸೂರಿನ ಕೆಳಗೆ ನಿಂತದ್ದು ಅದೇ ಮೊದಲಂತೆ.

ಆ ಮಳೆಯನ್ನು ಹೇಗೆ ಹೇಳಲಿ. ಹನಿಗಳು ಬೀಳುತ್ತಿರಲಿಲ್ಲ, ಆಕಾಶ ಹಾಗೇ ಇಳಿದಿತ್ತು. ತಗಡಿನ ಸದ್ದಿಗೆ ಕಿವಿ ಕಿವುಡಾಯಿತು. ಎದುರಿನ ಬೇವಿನ ಮರ ಮಾಯವಾಯಿತು. ಸ್ವಲ್ಪ ಹೊತ್ತು ನೆಲ ಎಲ್ಲವನ್ನೂ ಕುಡಿಯಿತು. ಬಿರುಕುಗಳಿಂದ ಗುಳ್ಳೆಗಳು ಏಳುತ್ತಿದ್ದವು, ನೆಲ ಉಸಿರು ಬಿಡುವಂತೆ. ಆಮೇಲೆ ಕುಡಿಯುವುದನ್ನು ನಿಲ್ಲಿಸಿತು. ಸಾಲುಸಾಲುಗಳಲ್ಲಿ ಕಂದು ನೀರು ಕಾಣಿಸಿತು. ಒಣಹುಲ್ಲು, ಕುರಿಹಿಕ್ಕೆ, ಸಾವಿರಾರು ಇರುವೆಗಳನ್ನು ನೊರೆಯ ಮೇಲೆ ಹೊತ್ತುಕೊಂಡು, ಅಲ್ಲಲ್ಲಿ ನಿಂತು, ದಾರಿ ಹುಡುಕಿ, ಮತ್ತೆ ಹೊರಟು, ಆ ಮೂಲೆಯ ಕಡೆ ಬಂತು. ನಾನು ಕೊಳವೆಯಿಂದ ಅಳೆದ ದಾರಿಯಲ್ಲೇ ಬಂತು. ಲೆಕ್ಕ ಸರಿಯಿದೆ ಎಂದು ನನಗೆ ಗೊತ್ತಿತ್ತು. ಆದರೂ ಅಷ್ಟು ದೊಡ್ಡದೊಂದು, ಯಾರ ಮಾತನ್ನೂ ಕೇಳದ್ದು, ಹೀಗೆ ಬಂದು ತಿರುಗಿ ಕಾಲುವೆಗೆ ಇಳಿದಾಗ ನಾನು ಬಾಗಿಲಿನಿಂದ ಮಳೆಗೆ ತಲೆ ಚಾಚಿ ನೋಡಿದೆ. ಮಳೆಯ ಸದ್ದಿನ ಒಳಗಿಂದ ಇನ್ನೊಂದು ಸದ್ದು ಎದ್ದಿತು. ನೀರು ಹೊಂಡಕ್ಕೆ ಧುಮುಕುವ ಸದ್ದು.

ಅಮರಮ್ಮ ಕೈಮುಗಿದು ನಿಂತಿದ್ದರು. ದೊಡ್ಡಬಸಪ್ಪ ಮಾತ್ರ ಕಣ್ಣು ಕಿರಿದು ಮಾಡಿ ಮೂಲೆಯನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಗುಡಿಸಲು ಬಿಟ್ಟು ಓಡಿದರು.

ಹೊಂಡದ ಬಾಯಿಗೆ ಕಲ್ಲು ಕಟ್ಟುವ ಕೆಲಸ ಬಾಕಿ ಇತ್ತು. ಕಲ್ಲುಗಳನ್ನು ತಂದು ಪಕ್ಕದಲ್ಲಿ ಒಟ್ಟಿದ್ದರು, ಕಟ್ಟಿರಲಿಲ್ಲ. ಧುಮುಕುವ ನೀರು ಆ ಬಾಯಿಯ ಹಸಿಮಣ್ಣನ್ನು ಮುದ್ದೆಮುದ್ದೆಯಾಗಿ ಕಡಿಯುತ್ತಿತ್ತು. ಅದು ಹೀಗೇ ಹಿಂದೆ ಸರಿಯುತ್ತ ಹೋದರೆ ಬದು ಹೋಗುತ್ತದೆ, ಬದು ಹೋದರೆ ಹೊಂಡ, ಎರಡೂ ಹೊಲಗಳ ಮಣ್ಣು, ಎಲ್ಲ ಹಳ್ಳಕ್ಕೆ. ನಾವು ಹೋಗುವಷ್ಟರಲ್ಲಿ ದೊಡ್ಡಬಸಪ್ಪ ಕಾಲುವೆಯಲ್ಲಿ ಇಳಿದಿದ್ದರು. ನೀರು ತೊಡೆಯವರೆಗೆ ಬಂದಿತ್ತು. ಒಂದು ಕಾಲು ಜಾರಿ ಹೊಂಡದ ಕಡೆಗೆ ವಾಲಿ, ಬೇಲಿಯ ಗೂಟ ಹಿಡಿದು ನಿಂತರು.

ಅಮರಮ್ಮ ನನ್ನ ರಟ್ಟೆ ಹಿಡಿದು, “ಹೊಂಡ ಹೋದ್ರ ಹೋಗ್ಲಿ, ಮ್ಯಾಲ ಬಾ ಅಂತ ಹೇಳ್ರಿ ಅವಗ” ಅಂದರು.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಬಸಪ್ಪ ತಿರುಗಿ ನೋಡಿದರು. ನನ್ನ ಕಡೆಗಲ್ಲ.

“ಅತ್ತಿಗಿ, ಕಲ್ಲು ಕೊಡು. ಸಣ್ಣವು ಬ್ಯಾಡ, ದೊಡ್ಡವು ಕೊಡು.”

ಅಮರಮ್ಮನ ಕೈ ನನ್ನ ರಟ್ಟೆಯನ್ನು ಬಿಟ್ಟಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಯಿಂದ ಕಲ್ಲು ಎತ್ತಿದರು. “ತಗೋ ಬಸಪ್ಪ. ಕಾಲು ಜ್ವಾಕಿ.”

ನಾನೂ ಸೇರಿಕೊಂಡೆ. ರಾಶಿಯಿಂದ ನಾನು ಎತ್ತಿ ಅಮರಮ್ಮನಿಗೆ, ಅವರು ದೊಡ್ಡಬಸಪ್ಪನಿಗೆ. ಅವರು ಅದನ್ನು ಎದೆಗಾನಿಸಿ ಹಿಡಿದು, ಬಾಗಿ, ಕಾಲಿನಿಂದ ಒತ್ತಿ ಕೂಡಿಸುತ್ತಿದ್ದರು. ಮೊದಲ ಕಲ್ಲುಗಳು ಉರುಳಿ ಹೊಂಡಕ್ಕೆ ಬಿದ್ದವು. ಮತ್ತೆ ಇಟ್ಟರು. ನನ್ನ ಕೈಯ ಚರ್ಮ ಕಿತ್ತುಬಂದದ್ದು ಆಮೇಲೆ ಗೊತ್ತಾಯಿತು. ಅತ್ತಿಗಿ ಅದನ್ನು ಕೊಡು, ಬಸಪ್ಪ ಇದನ್ನು ಆ ಸಂದಿಗೆ ಹಾಕು, ಇನ್ನಷ್ಟು ಎಡಕ್ಕ, ಸಾಕು, ಇನ್ನೊಂದು. ಇಷ್ಟೇ ಮಾತು. ಇಷ್ಟು ವರ್ಷ ಆಡದೆ ಉಳಿಸಿಕೊಂಡ ಮಾತುಗಳೆಲ್ಲ ಕಲ್ಲಿನ ಜೊತೆ ಕೈಯಿಂದ ಕೈಗೆ ಹೋಗುತ್ತಿದ್ದವು. ಕಲ್ಲು ನಿಂತವು. ನೀರು ಅವುಗಳ ಮೇಲೆ ಹಾಯ್ದು ಸಪಾಟಾಗಿ ಇಳಿಯತೊಡಗಿತು.

ಮಳೆ ನಿಂತಾಗ ಇನ್ನೂ ಬೆಳಕಿತ್ತು. ಮೂವರೂ ಹೊಂಡದ ದಂಡೆಯ ಮೇಲೆ ಕೂತೆವು. ಕುಣಿ ಇದ್ದಲ್ಲಿ ನೀರು. ಅಂಚಿಗೆ ಒಂದು ಮೊಳ ಬಾಕಿ. ಮೋಡ ಹರಿದು ಪಡುವಣದ ಕೆಂಪೆಲ್ಲ ಅದರಲ್ಲಿ ಬಿದ್ದಿತ್ತು. ಹುಟ್ಟಿದಾಗಿನಿಂದ ಕಾಲುವೆ ನೋಡಿದವಳು ನಾನು, ಅಷ್ಟು ನೀರನ್ನು ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಕೂತು ಕಣ್ಣು ಕೀಳಲಾಗಲಿಲ್ಲ.

ದೊಡ್ಡಬಸಪ್ಪ ಟವೆಲು ಹಿಂಡುತ್ತ, “ಅಣ್ಣ ಇರಬೇಕಾಗಿತ್ತು” ಅಂದರು.

ಅಮರಮ್ಮ ಹೂಂ ಎಂದರು. ಅಷ್ಟೇ.

ಹಳ್ಳ ಬಂದು ಬಸ್ಸು ನಿಂತಿದ್ದರಿಂದ ಅಂದು ಅಮರಮ್ಮನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋದರೆ ಹೊಂಡದ ದಂಡೆಯ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಕಪ್ಪೆಗಳು ಒಂದೇ ಸಮನೆ ಕೂಗುತ್ತಿದ್ದವು. ನಿನ್ನೆ ಮಧ್ಯಾಹ್ನದವರೆಗೆ ಅಲ್ಲಿ ಒಣಮಣ್ಣು ಬಿಟ್ಟು ಏನೂ ಇರಲಿಲ್ಲ. “ಇವಕ್ಕ ಯಾರು ಹೇಳಿದ್ರು?” ಎಂದು ಅಮರಮ್ಮ ಕೇಳಿದರು.

ತಪಾಸಣೆಯ ಕೊನೆಯ ಫೋಟೋಕ್ಕೆ ಫಲಾನುಭವಿ ಹೊಂಡದ ಮುಂದೆ ನಿಲ್ಲಬೇಕು. ಅಮರಮ್ಮನನ್ನು ನಿಲ್ಲಿಸಿದೆ. ಅವರು, “ಬಾ ಬಸಪ್ಪ” ಎಂದು ಕರೆದರು. ಒಬ್ಬರೇ ನಿಲ್ಲಬೇಕು ಎಂದು ಹೇಳಲು ಹೊರಟವಳು ಸುಮ್ಮನಾದೆ. ದೊಡ್ಡಬಸಪ್ಪ ಬಂದು, ಒಂದು ಕೈ ದೂರದಲ್ಲಿ, ಕ್ಯಾಮೆರಾಕ್ಕೆ ಮುಖ ಬಿಗಿದುಕೊಂಡು ನಿಂತರು. ಹಾಗೇ ಕಳಿಸಿದೆ. ಯಾರೂ ಏನೂ ಕೇಳಲಿಲ್ಲ.

ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ದಾರಿಯ ವಿಷಯಕ್ಕೆ, ಬೇಲಿಯ ವಿಷಯಕ್ಕೆ ಆಮೇಲೂ ಜಗಳವಾಡಿದರು. ಆದರೆ ನೇರವಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು.

ಹಿಂಗಾರಿ ಜೋಳ ಹೊಡೆ ಬಿಚ್ಚಿ ತೆನೆ ಹೊರಡುವ ಕಾಲಕ್ಕೆ ಒಂದು ದಿನ ಮಸ್ಕಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ಅಮರಮ್ಮನ ಹೆಸರಿನ ಮುಂದೆ ಹಣ ಜಮೆಯಾಗಿದೆ ಎಂದು ತೋರಿಸಿತು. ಆ ಸುದ್ದಿ ಹೇಳಲು ತಡೆಯಲಾಗಲಿಲ್ಲ. ಕೂಡಲೇ ಫೋನು ಮಾಡಿದೆ. ಬಹಳ ಹೊತ್ತಿಗೆ ಎತ್ತಿದರು. ಹಿಂದೆ ಹೊಂಡದ ನೀರೆತ್ತುವ ಎಂಜಿನ್ನಿನ ಸದ್ದು.

“ಅಮ್ಮಾ, ರೊಕ್ಕ ಬಂತು ನಿಮ್ದು.”

“ಯಾವ ರೊಕ್ಕ?”

“ಹೊಂಡದ್ದು. ಸಬ್ಸಿಡಿ.”

ಅವರು ನಿಜವಾಗಿ ಮರೆತಿದ್ದರು. “ಹೌದಲ್ಲ” ಎಂದು ನಕ್ಕರು. ಮರುಕ್ಷಣವೇ, “ತಡೀ ಯವ್ವಾ, ಒಂದೀಟು ತಡೀ, ಇಲ್ಲಿ ಸಾಲು ಒಡದೈತಿ, ನೀರು ಎಲ್ಲೆಲ್ಲೋ ಹೊಂಟೈತಿ” ಎಂದು ಫೋನನ್ನು ಬದುವಿನ ಮೇಲೋ ಎಲ್ಲೋ ಇಟ್ಟು ಹೋದರು. ಕರೆ ಹಾಗೇ ಉಳಿಯಿತು.

ಸಲಿಕೆ ಮಣ್ಣಿಗೆ ಬೀಳುವ ಸದ್ದು ಕೇಳಿತು. ದೂರದಿಂದ ದೊಡ್ಡಬಸಪ್ಪನ ದನಿ, “ಮ್ಯಾಲಿನ ಸಾಲಿಗಿ ಮುಟ್ಟಿತು ಅತ್ತಿಗಿ, ಸಾಕು ಬಿಡು” ಎಂದಿತು. ಅಮರಮ್ಮ ಏನೋ ಕೂಗಿದರು. ಆಮೇಲೆ ಎಂಜಿನ್ ನಿಂತಿತು, ಮನುಷ್ಯರ ದನಿ ನಿಂತಿತು, ಬರೀ ನೀರು ಉಳಿಯಿತು. ಒಣನೆಲದಲ್ಲಿ ಸಾಲಿನಿಂದ ಸಾಲಿಗೆ ತಿರುಗಿ, ಜೋಳದ ಬುಡಗಳ ನಡುವೆ, ನಿಧಾನವಾಗಿ ನಡೆದುಹೋಗುವ ನೀರು. ಕಚೇರಿಯಲ್ಲಿ ಮಂದಿ ಬರುತ್ತಿದ್ದರು, ಹೋಗುತ್ತಿದ್ದರು. ಕರೆ ತಾನಾಗಿ ಕಡಿದುಹೋಗುವವರೆಗೂ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.